ಸಾಣೆ ಹಿಡಿಯದ ಹರಳು ಅಂದಮಾತ್ರಕ್ಕೆ ಅಸಲಿಯಲ್ಲ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಕಾಕಾ ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು. ಗದಗದವರು. ಡೊಂಬಿವಲಿಗೆ ಬಂದು ಮೂವತ್ತು ವರ್ಷದ ಮೇಲಾಗಿದೆ. ಡಬ್ಬಿಯಲ್ಲಿ ಹತ್ತಿ, ಹತ್ತಿಯೊಳಗೆ ಒಂದು ಕೆಂಪು ಕಲ್ಲು. "ತಂಗಿ, ಇದೊಂದು ಸ್ವಲ್ಪ ನೋಡವಾ. ಮಾಣಿಕ್ಯ ಐತಿ. ಕಟ್ ಮಾಡಿಲ್ಲ, ಗಣಿಯಿಂದ ಹಂಗಾ ಬಂದದ್ದು" ಎಂದರು. ಮಗನಿಗೆ ಉಂಗುರ ಮಾಡಿಸಲು ತರಿಸಿದ್ದಂತೆ. ಫೋನಿನಲ್ಲಿ ನಡೆಯುವ ಲೈವ್ ಮಾರಾಟದಲ್ಲಿ ನೋಡಿ, 42,000 ರೂಪಾಯಿಯನ್ನು ಯುಪಿಐ ಮೂಲಕ ಕಳಿಸಿ, ಕೊರಿಯರ್‌ನಲ್ಲಿ ಪಡೆದದ್ದು. ತೂಕ 19.2 ಗ್ರಾಂ, ಅಂದರೆ 96 ಕ್ಯಾರೆಟ್.

ನಾನು ಮುಂಬೈಯ ಚರ್ನಿ ರೋಡ್ ಸ್ಟೇಷನ್ನಿನ ಹತ್ತಿರ, ಒಪೇರಾ ಹೌಸ್ ಭಾಗದ ಒಂದು ಹರಳಿನ ಕಚೇರಿಯಲ್ಲಿ 14 ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ರತ್ನಶಾಸ್ತ್ರ ಕಲಿತವಳಲ್ಲ. ಆದರೆ ಕಲ್ಲು ಕೊಳ್ಳುವವರ ಪಕ್ಕದ ಮೇಜಿನಲ್ಲೇ ಕೂತಿರುವುದರಿಂದ ಅವರು ಏನನ್ನು ನೋಡುತ್ತಾರೆ, ಯಾವುದನ್ನು ನಂಬುವುದಿಲ್ಲ ಅನ್ನುವುದು ಚೆನ್ನಾಗಿ ಗೊತ್ತು. ಅಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದವರೂ ಒಂದು ಕೆಂಪು ಕಲ್ಲನ್ನು ಬರಿಗಣ್ಣಲ್ಲಿ ನೋಡಿ "ಇದು ಮಾಣಿಕ್ಯ" ಎಂದು ಹೇಳುವುದಿಲ್ಲ. "ನೋಡೋಣ" ಎನ್ನುತ್ತಾರೆ. ನಮ್ಮ ಕಾಕಾನಿಗೆ ಫೋನಿನಲ್ಲಿದ್ದವನು ಎರಡು ನಿಮಿಷದಲ್ಲಿ ಖಾತರಿ ಕೊಟ್ಟಿದ್ದ.

ಕಾಕಾ ಸುಮ್ನೆ ನಂಬಿದವರಲ್ಲ. ಅವರದ್ದೂ ಒಂದು ತರ್ಕ ಇತ್ತು. ಕಟ್ ಮಾಡಿ ಪಾಲಿಶ್ ಮಾಡಿದ ಹರಳಿನಲ್ಲಿ ಮೋಸ ಇರುತ್ತದೆ, ಕಾರ್ಖಾನೆಯಲ್ಲಿ ಮಾಡಿರುತ್ತಾರೆ. ಮಣ್ಣು ಮೆತ್ತಿದ, ಅಂಕುಡೊಂಕಾದ, ಸಾಣೆ ಹಿಡಿಯದ ಕಲ್ಲು ಭೂಮಿಯಿಂದಲೇ ಬಂದಿರಬೇಕಲ್ಲ? ಯಾರು ಕೂತು ಒರಟು ಕಲ್ಲನ್ನು ನಕಲು ಮಾಡುತ್ತಾರೆ? ಈ ತರ್ಕ ಕೇಳಲು ಸರಿ ಅನ್ನಿಸುತ್ತದೆ. ನಕಲಿ ಮಾಡುವವನು ಬದುಕುತ್ತಿರುವುದೇ ಇದರ ಮೇಲೆ. ಕೊಳ್ಳುವವರು ಒರಟುತನವನ್ನೇ ಸಾಕ್ಷಿ ಎಂದು ನಂಬುತ್ತಾರೆ ಅಂತ ಗೊತ್ತಾದ ಮೇಲೆ, ಅವನು ಮಾಡಬೇಕಾದದ್ದು ಒರಟುತನವನ್ನು ಮಾತ್ರ.

ಮಾಡುವುದಂತೂ ಬಹಳ ಸುಲಭ. ಮಾಣಿಕ್ಯವನ್ನು ಕಾರ್ಖಾನೆಯಲ್ಲಿ ಬೆಳೆಸುವ ವಿದ್ಯೆ ಹೊಸದೇನಲ್ಲ. ಫ್ರಾನ್ಸಿನ ಆಗಸ್ಟ್ ವರ್ನ್ಯೂಯಿ 1902ರಲ್ಲೇ ಅದನ್ನು ಲೋಕಕ್ಕೆ ತಿಳಿಸಿದ. ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಚೂರು ಕ್ರೋಮಿಯಂ ಜೊತೆ ಬೆರೆಸಿ, ಉರಿಯುವ ಜ್ವಾಲೆಯ ಮೂಲಕ ಉದುರಿಸಿದರೆ ಅದು ಕರಗಿ ಕೆಳಗೆ ಹನಿಹನಿಯಾಗಿ ಕೂತು ಗಜ್ಜರಿಯ ಆಕಾರದಲ್ಲಿ ಬೆಳೆಯುತ್ತದೆ. ಕೆಲವೇ ಗಂಟೆಗಳ ಕೆಲಸ. ಈ ಗಜ್ಜರಿಯನ್ನು ಒಡೆದು ಚೂರು ಮಾಡಿ, ಮರಳು ನೀರಿನ ಜೊತೆ ಡ್ರಮ್ಮಿನಲ್ಲಿ ಉರುಳಿಸಿದರೆ ಅಂಚು ಸವೆದು ನದಿಯಲ್ಲಿ ಸಿಕ್ಕ ಕಲ್ಲಿನ ಹಾಗೆ ಕಾಣುತ್ತದೆ. ಮೇಲೆ ಸ್ವಲ್ಪ ಕೆಂಪು ಮಣ್ಣು ಮೆತ್ತಿದರೆ ಮುಗಿಯಿತು. ಇಂಥ ಚೂರುಗಳನ್ನು ಅಸಲಿ ಕಲ್ಲಿನ ರಾಶಿಯಲ್ಲಿ ಬೆರೆಸಿ ಮಾರುವುದು ಗಣಿಗಳ ಹತ್ತಿರದ ಪೇಟೆಗಳಲ್ಲೂ ಇದೆ. ಹಾಗಾಗಿ "ಗಣಿಯಿಂದಲೇ ತಂದದ್ದು" ಅನ್ನುವ ಮಾತು ನಿಜವಾಗಿದ್ದರೂ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಪಚ್ಚೆಯದ್ದು ಇನ್ನೊಂದು ರೀತಿ. ಅಸಲಿ ಪಚ್ಚೆ ಎಷ್ಟೋ ಕಡೆ ಅಭ್ರಕದ ಬಂಡೆಯಲ್ಲಿ ಸಿಗುತ್ತದೆ, ನಮ್ಮ ಊರಿನಲ್ಲಿ ಕಾಗೆ ಬಂಗಾರ ಅಂತೀವಲ್ಲ, ಅದೇ. ಹಾಗಾಗಿ ಹಸಿರು ಬಳಿದ ಸ್ಫಟಿಕದ ಕಡ್ಡಿಗೋ ಗಾಜಿನ ಕಡ್ಡಿಗೋ ಕಾಗೆ ಬಂಗಾರದ ಚೂರುಗಳನ್ನು ಅಂಟಿನಿಂದ ಅಂಟಿಸಿ, ಬಂಡೆಯಿಂದ ಈಗಷ್ಟೇ ಒಡೆದು ತೆಗೆದ ಹಾಗೆ ತೋರಿಸುತ್ತಾರೆ. ನೋಡಿದವರಿಗೆ ಹಸಿರಿಗಿಂತ ಆ ಹೊಳೆಯುವ ಕಪ್ಪು ಪುಡಿಯೇ ಜಾಸ್ತಿ ನಂಬಿಕೆ ಹುಟ್ಟಿಸುತ್ತದೆ.

ಕಾಕಾನ ಕಲ್ಲಿಗೆ ಬರುತ್ತೇನೆ. ಮೊದಲು ನಾನು ಕೇಳಿದ್ದು ಬೆಲೆಯ ಬಗ್ಗೆ. 2022ರಲ್ಲಿ ಮೊಜಾಂಬಿಕ್‌ನ ಒಂದು ಗಣಿಯಲ್ಲಿ 101 ಕ್ಯಾರೆಟ್‌ನ ಒಂದು ಒರಟು ಮಾಣಿಕ್ಯ ಸಿಕ್ಕಿತು. ಅದನ್ನು ಕತ್ತರಿಸಿ 55.22 ಕ್ಯಾರೆಟ್‌ನ ಹರಳು ಮಾಡಿದರು. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು ಸುಮಾರು 3.48 ಕೋಟಿ ಡಾಲರಿಗೆ ಹೋಯಿತು. ಅದು ಲಕ್ಷಕ್ಕೊಂದು ಸಿಗುವ ಕಲ್ಲು, ಒಪ್ಪುತ್ತೇನೆ. ಆದರೂ ಸ್ವಚ್ಛವಾಗಿ, ಆಚೆ ಬದಿ ಕಾಣುವಷ್ಟು ಪಾರದರ್ಶಕವಾಗಿರುವ 96 ಕ್ಯಾರೆಟ್ ಮಾಣಿಕ್ಯ 42,000 ರೂಪಾಯಿಗೆ ಡೊಂಬಿವಲಿಯವರೆಗೆ ಕೊರಿಯರ್‌ನಲ್ಲಿ ಬರುತ್ತದೆಯೇ? ದಾರಿಯಲ್ಲಿ ಎಷ್ಟು ಜನ ವ್ಯಾಪಾರಿಗಳು, ಎಷ್ಟು ಜನ ಕಟಿಂಗ್ ಮಾಡುವವರು ಅದನ್ನು ನೋಡಿ ಬಿಟ್ಟಿರಬೇಕು ಯೋಚಿಸಿ. ಕಾಕಾ ಸುಮ್ಮನೆ ತಲೆ ಆಡಿಸಿದರು.

ಆಮೇಲೆ ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆವು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ನಂಬಿಕೆ ಇರುವುದು ಇದೊಂದರ ಮೇಲೆ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಕಲ್ಲನ್ನು ಹಾಗೇ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಹಗುರವಾದ ಒಂದು ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ನೀರು ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳ್ಳನೆಯ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವ ಹಾಗೆ ಇಳಿಬಿಡಿ. ಲೋಟದ ತಳಕ್ಕೂ ಬದಿಗೂ ತಾಗಬಾರದು, ಕಲ್ಲಿಗೆ ಗಾಳಿಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವುದು ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಕಲ್ಲಿನ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಅದರ ಸಾಂದ್ರತೆ ಸಿಗುತ್ತದೆ. ಮಾಣಿಕ್ಯ, ನೀಲ, ಪುಷ್ಯರಾಗ ಈ ಮೂರೂ ಒಂದೇ ಖನಿಜ, ಕುರುಂದ. ಸಾಣೆಕಲ್ಲಿನಲ್ಲಿ ಬಳಸುತ್ತಾರಲ್ಲ, ಅದೇ ಜಾತಿ. ಅದರ ಸಾಂದ್ರತೆ 4. ಸ್ಫಟಿಕದ್ದು 2.65. ಪಚ್ಚೆಯದ್ದು ಸುಮಾರು 2.7. ಸಾಮಾನ್ಯ ಗಾಜು 2.5ರ ಆಸುಪಾಸು.

ಕಾಕಾನ ಕಲ್ಲು ಮಾಣಿಕ್ಯವಾಗಿದ್ದರೆ ತಕ್ಕಡಿ 4.8 ತೋರಿಸಬೇಕಿತ್ತು. 7.6 ತೋರಿಸಿತು. 19.2 ಅನ್ನು 7.6ರಿಂದ ಭಾಗಿಸಿದರೆ 2.53. ಮೂರು ಸಲ ಮಾಡಿದೆವು, ಹೆಚ್ಚುಕಡಿಮೆ ಅದೇ. ಕೊನೆಗೆ ಲೂಪ್ ಹಿಡಿದು ನೋಡಿದೆ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಚಿಕ್ಕ ಭೂತಗನ್ನಡಿ ಅದು. ಒಂದು ಮೂಲೆಯಲ್ಲಿ ಸೋಡಾ ಗುಳ್ಳೆಯ ಹಾಗೆ ದುಂಡಗಿನ ಗಾಳಿಗುಳ್ಳೆಗಳು ಸಾಲಾಗಿ ನಿಂತಿದ್ದವು. ಗಾಜು. ಮುಂದಿನ ವಾರ ಲ್ಯಾಬಿನವರೂ ಅದನ್ನೇ ಬರೆದುಕೊಟ್ಟರು.

ಇಲ್ಲಿ ಒಂದು ವಿಷಯ ಸರಿಯಾಗಿ ಗಮನಿಸಿ. ಈ ಪರೀಕ್ಷೆ "ಅಲ್ಲ" ಅನ್ನಬಲ್ಲದು, "ಹೌದು" ಅನ್ನಲಾರದು. ಕಾರ್ಖಾನೆಯಲ್ಲಿ ಬೆಳೆಸಿದ ಮಾಣಿಕ್ಯವೂ ಕುರುಂದವೇ, ಅದರ ಸಾಂದ್ರತೆಯೂ 4. ಕೆಂಪು ಗಾರ್ನೆಟ್‌ನಲ್ಲೂ ಕೆಲವು ಬಗೆಯವು 4ರ ಹತ್ತಿರವೇ ಇರುತ್ತವೆ. ಸೀಸ ಬೆರೆತ ಗಾಜು ಸಾಮಾನ್ಯ ಗಾಜಿಗಿಂತ ಭಾರ, ಅದೂ 4ರ ಹತ್ತಿರ ಬರಬಹುದು. ಆದ್ದರಿಂದ ಅಂಕಿ ತಪ್ಪಾದರೆ ಕಲ್ಲನ್ನು ವಾಪಸ್ ಕಳಿಸಿ, ಅಂಕಿ ಸರಿಯಾದರೆ ಲ್ಯಾಬಿಗೆ ಕಳಿಸಿ. ಅಷ್ಟೇ ಅದರ ಉಪಯೋಗ.

ಬೇರೆ "ಮನೆಮದ್ದು" ಪರೀಕ್ಷೆಗಳು ಎಷ್ಟೋ ಓಡಾಡುತ್ತಿವೆ. ಹಾಲಿನಲ್ಲಿ ಹಾಕಿದರೆ ಹಾಲು ಕೆಂಪಗೆ ಕಾಣಬೇಕು ಎನ್ನುತ್ತಾರೆ. ಕೆಂಪು ಗಾಜು ಹಾಕಿದರೂ ಕಾಣುತ್ತದೆ. ಗಾಜಿನ ಮೇಲೆ ಗೀಚಿದರೆ ಗೆರೆ ಬೀಳಬೇಕು ಎನ್ನುತ್ತಾರೆ. ಗಾಜಿನ ಗಡಸುತನ ಮೋಸ್ ಅಳತೆಯಲ್ಲಿ ಸುಮಾರು 5.5, ಸ್ಫಟಿಕದ್ದು 7. ಬೆಣಚುಕಲ್ಲೂ ಸ್ಫಟಿಕವೇ, ಹಾಗಾಗಿ ಹಿತ್ತಲಲ್ಲಿ ಸಿಗುವ ಅದೂ ಗಾಜು ಗೀಚುತ್ತದೆ. ಕಲ್ಲಿಗೆ ಬೆಂಕಿ ಹಿಡಿಯುವುದನ್ನಂತೂ ದಯವಿಟ್ಟು ಮಾಡಬೇಡಿ, ಅಸಲಿ ಕಲ್ಲೂ ಸೀಳಿಹೋಗಬಹುದು.

ಇವುಗಳಲ್ಲಿ ನನಗೆ ತುಂಬಾ ಬೇಸರ ತರಿಸುವುದು ನೇರಳೆ ಬೆಳಕಿನ ಟಾರ್ಚ್. ಲೈವ್ ಮಾರಾಟದಲ್ಲಿ ದೀಪ ಆರಿಸಿ, ಯುವಿ ಟಾರ್ಚ್ ಹಾಕಿ, ಕಲ್ಲು ಕೆಂಡದ ಹಾಗೆ ಹೊಳೆದಾಗ "ನೋಡಿ, ಅಸಲಿ" ಎನ್ನುತ್ತಾರೆ. ಮಾಣಿಕ್ಯ ಹಾಗೆ ಹೊಳೆಯುವುದು ಅದರೊಳಗಿನ ಕ್ರೋಮಿಯಂನಿಂದ. ಭೂಮಿಯಲ್ಲಿ ಬೆಳೆದ ಕಲ್ಲಿನಲ್ಲಿ ಕಬ್ಬಿಣದ ಅಂಶ ಇದ್ದರೆ ಆ ಹೊಳಪು ಮಂಕಾಗುತ್ತದೆ. ಜ್ವಾಲೆಯಲ್ಲಿ ಬೆಳೆಸಿದ ಮಾಣಿಕ್ಯದಲ್ಲಿ ಕಬ್ಬಿಣ ಇರುವುದಿಲ್ಲ, ಅದಕ್ಕೇ ಅದು ಇನ್ನೂ ಜೋರಾಗಿ ಹೊಳೆಯುತ್ತದೆ. ಅಂದರೆ ಜನ ಯಾವುದನ್ನು ನೋಡಿ ಅಸಲಿ ಎಂದು ದುಡ್ಡು ಕೊಡುತ್ತಿದ್ದಾರೋ, ವ್ಯಾಪಾರಿಗಳು ಅದನ್ನು ನೋಡಿದರೆ ಅನುಮಾನ ಪಡುತ್ತಾರೆ.

ಫೋನಿನಲ್ಲಿ ಕೊಳ್ಳುವವರಿಗೆ ಇನ್ನೊಂದು ಮಾತು. ಒರಟು ಕಲ್ಲನ್ನು ಒದ್ದೆ ಮಾಡಿದರೆ ಮೇಲ್ಮೈಯ ಒರಟುತನವನ್ನು ನೀರು ತುಂಬಿಕೊಂಡು ಒಳಗೆಲ್ಲ ತಿಳಿಯಾಗಿ ಕಾಣುತ್ತದೆ. ಒಣಗಿದ ಮೇಲೆ ಅದೇ ಕಲ್ಲು ಮಸುಕು. ಕಚೇರಿಯಲ್ಲಿ ಕೊಳ್ಳುವವರೂ ಒದ್ದೆ ಮಾಡಿಯೇ ನೋಡುತ್ತಾರೆ, ಆದರೆ ಅವರು ನೋಡುವುದು ಬಿರುಕು ಹುಡುಕಲು. ಕಲ್ಲನ್ನು ತಿರುಗಿಸುತ್ತಾರೆ, ಹಿಂದಿನಿಂದ, ಬದಿಯಿಂದ ಟಾರ್ಚ್ ಹಿಡಿಯುತ್ತಾರೆ. ವಿಡಿಯೋದಲ್ಲಿ ನಮಗೆ ತೋರಿಸುವುದು ಒಂದೇ ಒಳ್ಳೆಯ ಮುಖ. ಒಣಗಿದ ಕಲ್ಲನ್ನು, ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮೇಲೆ, ಎಲ್ಲ ಬದಿಯಿಂದ ತೋರಿಸಿ ಎಂದು ಕೇಳಿ. ತಕರಾರು ಮಾಡಿದರೆ ಅಲ್ಲಿಗೇ ನಿಲ್ಲಿಸಿ.

ಹೆಸರಿನಲ್ಲಿ ನಡೆಯುವ ಆಟವನ್ನು ಕಾನೂನಿನ ಕಣ್ಣಲ್ಲಿ ಹಿಡಿಯುವುದು ಕಷ್ಟ, ಅದಕ್ಕೇ ಅದು ಅಪಾಯ. ಮುಂಬೈಯ ಚಿನ್ನ, ಹರಳಿನ ಪೇಟೆಯಾದ ಝವೇರಿ ಬಜಾರಿನಲ್ಲಿ ಕನ್ನಡದ ಹೆಸರು ನಡೆಯುವುದಿಲ್ಲ, ಹಿಂದಿ, ಮರಾಠಿ, ಗುಜರಾತಿ ಹೆಸರುಗಳೇ. ನೀಲಂ ಅಂದರೆ ನೀಲ. "ನೀಲಿ" ಅಂದರೆ ಅಯೋಲೈಟ್ ಎಂಬ ಬೇರೆ ಕಲ್ಲು, ಬೆಲೆಯಲ್ಲಿ ಆಕಾಶ ಭೂಮಿಯಷ್ಟು ಅಂತರ. ಕನ್ನಡದವರ ಕಿವಿಗೆ ಎರಡೂ ಒಂದೇ ಕೇಳಿಸುತ್ತದೆ, ಅಲ್ವಾ? ಪುಖರಾಜ್ ಅಂದರೆ ಪುಷ್ಯರಾಗ, "ಸುನೇಲಾ" ಅಂದರೆ ಹಳದಿ ಸ್ಫಟಿಕ, ಅದರಲ್ಲೂ ಎಷ್ಟೋ ಪಾಲು ನೇರಳೆ ಅಮೆಥಿಸ್ಟನ್ನು ಕಾಯಿಸಿ ಹಳದಿ ಮಾಡಿದ್ದು. "ಹೈಡ್ರೋ" ಅಂತ ಹೆಸರಿಟ್ಟು ಮಾರುವ ಬಣ್ಣಬಣ್ಣದ ಕಲ್ಲುಗಳಲ್ಲಿ ಬಹಳಷ್ಟು ಬರೀ ಗಾಜು. ಮಾರುವವನು ಸುಳ್ಳು ಹೇಳಿಲ್ಲ, ನಮಗೆ ಅರ್ಥ ಗೊತ್ತಿರಲಿಲ್ಲ. ಅಯೋಲೈಟನ್ನು ಮಾತ್ರ ಬರಿಗಣ್ಣಲ್ಲೇ ಅನುಮಾನಿಸಬಹುದು. ಒರಟು ಚೂರನ್ನು ಬೆರಳಲ್ಲಿ ಹಿಡಿದು ನಿಧಾನ ತಿರುಗಿಸಿ. ಒಂದು ಕಡೆಯಿಂದ ಗಾಢ ನೀಲಿ, ಇನ್ನೊಂದು ಕಡೆಯಿಂದ ನೀರಿನ ಹಾಗೆ ಪೇಲವ ಅಥವಾ ತೆಳು ಹಳದಿ. ನೀಲದಲ್ಲಿ ಬಣ್ಣ ಅಷ್ಟೊಂದು ಬದಲಾಗುವುದಿಲ್ಲ.

ತೂಕದಲ್ಲೂ ಹೀಗೇ. ಕ್ಯಾರೆಟ್ ಅಂದರೆ 0.2 ಗ್ರಾಂ, ಲೋಕಕ್ಕೆಲ್ಲ ಒಂದೇ. ರತ್ತಿ ಹಾಗಲ್ಲ. ರತ್ತಿ ಅಂದರೆ ನಮ್ಮ ಗುಲಗಂಜಿಯೇ. ಹಳೆಯ ಚಿನ್ನದ ಲೆಕ್ಕದಲ್ಲಿ ತೊಲಕ್ಕೆ 96 ರತ್ತಿ, ಅಂದರೆ ಒಂದು ರತ್ತಿ ಸುಮಾರು 0.12 ಗ್ರಾಂ. ಈಗ ಹರಳಿನ ಅಂಗಡಿಯಲ್ಲಿ ರತ್ತಿ ಎಂದರೆ ಸುಮಾರು 0.18 ಗ್ರಾಂ. ಯಾವ ರತ್ತಿಯಲ್ಲಿ ಬೆಲೆ ಹೇಳಿದರು, ಯಾವ ರತ್ತಿಯಲ್ಲಿ ತೂಗಿದರು ಎಂದು ಗೊತ್ತಾಗದಿದ್ದರೆ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಗ್ರಾಂನಲ್ಲಿ ಕೇಳಿ, ಗ್ರಾಂನಲ್ಲಿ ಬರೆಸಿ.

ಇಷ್ಟೆಲ್ಲ ನಕಲಿಯ ಬಗ್ಗೆ ಹೇಳಿದೆ. ಆದರೆ ಜನ ಹಣ ಕಳೆದುಕೊಳ್ಳುವ ಇನ್ನೊಂದು ದಾರಿ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಲ್ಲು ಅಸಲಿಯೇ ಆಗಿರುತ್ತದೆ, ಬೆಲೆ ಮಾತ್ರ ಇರುವುದಿಲ್ಲ. ನಮ್ಮ ಮೈಸೂರು ಕಡೆಯ ಮಾಣಿಕ್ಯವನ್ನೇ ತೆಗೆದುಕೊಳ್ಳಿ. ಭೂಮಿಯಿಂದ ಬಂದದ್ದೇ, ಕುರುಂದವೇ, ಯಾವ ಲ್ಯಾಬಿಗೆ ಕೊಟ್ಟರೂ ನೈಸರ್ಗಿಕ ಎಂದೇ ಬರೆಯುತ್ತಾರೆ. ಆದರೆ ಹೆಚ್ಚಿನದು ಬೆಳಕು ಹಾಯದ ಮಂದ ಕಲ್ಲು. ಗೋಲವಾಗಿ ಸಾಣೆ ಹಿಡಿದರೆ ಕೆಲವದರಲ್ಲಿ ಚಂದದ ನಕ್ಷತ್ರ ಮೂಡುತ್ತದೆ, ನನಗೆ ತುಂಬಾ ಇಷ್ಟ. ಅದನ್ನು ಅದರ ಬೆಲೆಗೆ ಕೊಂಡರೆ ಸಂತೋಷ. "ಲ್ಯಾಬ್ ಸರ್ಟಿಫೈಡ್ ನ್ಯಾಚುರಲ್ ರೂಬಿ" ಎಂದು ಹೇಳಿ ಬರ್ಮಾದ ಮಾಣಿಕ್ಯದ ಬೆಲೆ ಕೇಳಿದರೆ ಅದು ಮೋಸವೇ, ಸರ್ಟಿಫಿಕೇಟ್ ನಿಜವಾಗಿದ್ದರೂ.

ಒರಟು ಕಲ್ಲು ಅಗ್ಗ ಅನ್ನುವುದೂ ಅರ್ಧ ಸತ್ಯ. ಕತ್ತರಿಸುವಾಗ ಬಹುಪಾಲು ಪುಡಿಯಾಗಿ ಹೋಗುತ್ತದೆ. ಆ ಮೊಜಾಂಬಿಕ್ ಕಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದದ್ದು ಅಪರೂಪದ ಭಾಗ್ಯ. ಸಾಮಾನ್ಯ ಬಣ್ಣದ ಕಲ್ಲಿನಲ್ಲಿ ಮೂರನೇ ಒಂದು ಭಾಗ ಉಳಿದರೆ ಒಳ್ಳೆಯದು, ಐದನೇ ಒಂದು ಭಾಗಕ್ಕೆ ಇಳಿಯುವುದೂ ಇದೆ. 10 ಕ್ಯಾರೆಟ್ ಒರಟು ಕಲ್ಲಿಗೆ ಕ್ಯಾರೆಟ್ಟಿಗೆ 1,000 ರೂಪಾಯಿಯಂತೆ ಕೊಟ್ಟರೆ, 2.5 ಕ್ಯಾರೆಟ್ ಹರಳು ಉಳಿದಾಗ ನಿಮಗೆ ಬಿದ್ದ ಬೆಲೆ ಕ್ಯಾರೆಟ್ಟಿಗೆ 4,000. ಮೇಲೆ ಕಟಿಂಗ್ ಕೂಲಿ. ಅಷ್ಟಕ್ಕೆ ತಯಾರಾದ ಹರಳನ್ನೇ, ಒಳಗೆ ಏನಿದೆ ಎಂದು ಸ್ಪಷ್ಟವಾಗಿ ನೋಡಿ, ಪರೀಕ್ಷೆ ಮಾಡಿಸಿ ಕೊಳ್ಳಬಹುದಿತ್ತು. ಒರಟು ಕಲ್ಲಿನಲ್ಲಿ ಬಿರುಕು ಎಲ್ಲಿಯವರೆಗೆ ಹೋಗಿದೆ ಎಂದು ಕತ್ತರಿಸುವವನಿಗೇ ಅರ್ಧ ದಾರಿಯಲ್ಲಿ ಗೊತ್ತಾಗುತ್ತದೆ. ಅದೂ ಅಲ್ಲದೆ ಗಣಿಯಿಂದ ಬಂದ ಮಾಲನ್ನು ಮೊದಲು ದೊಡ್ಡ ವ್ಯಾಪಾರಿಗಳು ಆರಿಸುತ್ತಾರೆ, ಆಮೇಲೆ ಜೈಪುರದ ಕಟಿಂಗ್‌ನವರು ಆರಿಸುತ್ತಾರೆ, ಆಮೇಲೆ ಮಣಿ ಮಾಡುವವರು. ಚಿಲ್ಲರೆಯಲ್ಲಿ ಒಂದೊಂದಾಗಿ ನಮ್ಮ ಕೈಗೆ ಬರುವ ಕಲ್ಲು ಇಷ್ಟೂ ಜರಡಿಗಳಲ್ಲಿ ಉಳಿದದ್ದು. ಹಂಪಿಯ ಬೀದಿಯಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂದು ಕೇಳಿಕೊಂಡು ಬೆಳೆದ ನಮಗೆ ರಾಶಿಯಲ್ಲಿ ಎಲ್ಲೋ ಒಂದು ಅದೃಷ್ಟದ ಕಲ್ಲು ಉಳಿದಿರಬಹುದು ಅನ್ನಿಸುತ್ತದೆ. ಮುಂಬೈಯಲ್ಲಿ ಆ ರಾಶಿಯನ್ನು ನಮಗಿಂತ ಮೊದಲು ನೋಡುವವರು ಬಹಳ ಜನ ಇದ್ದಾರೆ.

ಕಲ್ಲಿನ ಮೇಲಿನ ಪ್ರೀತಿಗಾಗಿಯೇ ಒರಟು ಕಲ್ಲು ಬೇಕು ಎನ್ನುವವರಿಗೆ ನಾನು ಬೇರೆ ದಾರಿ ಹೇಳುತ್ತೇನೆ. ನಾವು ಇರುವುದು ದಖ್ಖನ್ನಿನ ಲಾವಾ ಬಂಡೆಯ ಮೇಲೆ. ಆ ಕಪ್ಪು ಬಂಡೆಯ ಪೊಟರೆಗಳಲ್ಲಿ ಬೆಳೆಯುವ ಅಪೊಫಿಲೈಟ್, ಸ್ಟಿಲ್ಬೈಟ್, ಹ್ಯೂಲಂಡೈಟ್ ಹರಳುಗಳಿಗೆ ಇಡೀ ಜಗತ್ತಿನ ಸಂಗ್ರಾಹಕರು ಕಾಯುತ್ತಾರೆ. ಪುಣೆಯ ವಾಘೋಲಿ ಕ್ವಾರಿಗಳ ಕಡುನೀಲಿ ಕವನ್ಸೈಟ್‌ಗೆ ಸಾಟಿಯಿಲ್ಲ. ನಾಸಿಕ್ ಹತ್ತಿರದ ಸಿನ್ನರ್‌ನಲ್ಲಿರುವ ಗಾರ್ಗೋಟಿ ಮ್ಯೂಸಿಯಂಗೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅಸಲಿ ಹರಳು ಹೇಗೆ ಬೆಳೆಯುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗುತ್ತದೆ. ಇವು ಉಂಗುರಕ್ಕೆ ಆಗುವ ಕಲ್ಲುಗಳಲ್ಲ, ಮೆತ್ತಗಿರುತ್ತವೆ. ಆದರೆ ಸಣ್ಣ ತುಂಡುಗಳು ಕೈಗೆಟಕುವ ಬೆಲೆಯಲ್ಲಿ ಸಿಗುತ್ತವೆ, ಕೊಂಡರೆ ಕಲಿಯುವುದು ಬಹಳ ಇದೆ. ಇಲ್ಲೂ ಎಚ್ಚರ ಬೇಕು. ಓಕೆನೈಟ್ ಎಂಬ ಬಿಳಿ ಹತ್ತಿಯುಂಡೆಯಂಥ ಹರಳಿಗೆ ಗುಲಾಬಿ, ನೀಲಿ ಬಣ್ಣ ಹಾಕಿ ಮಾರುತ್ತಾರೆ. ಅದು ಸಹಜವಾಗಿ ಬಿಳಿಯೇ. ಅಜಂತಾದ ದಾರಿಯಲ್ಲಿ ಹರಳು ಮಾರುವ ಹುಡುಗರ ಹತ್ತಿರವೂ ಬಣ್ಣ ತೀರಾ ಗಾಢವಾಗಿದ್ದರೆ ಹತ್ತಿಗೆ ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವ, ಹಾಕಿ ಮೂಲೆಯಲ್ಲಿ ಒರೆಸಿ ನೋಡಿ. ಎಷ್ಟೋ ಬಾರಿ ಹತ್ತಿಗೆ ಬಣ್ಣ ಬರುತ್ತದೆ. ಗೋವಾದ ಸಂತೆಗಳಲ್ಲಿ ಹಸಿರು ಮೋಲ್ಡವೈಟ್ ಎಂದು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಬೇಡ. ಅದು ಚೆಕ್ ದೇಶದ ಕಡೆ ಸಿಗುವ, ಉಲ್ಕೆ ಬಡಿದು ಹುಟ್ಟಿದ ಗಾಜು. ಅದರ ನಕಲಿಗೆ ಬೇಕಾದದ್ದು ಒಂದು ಹಸಿರು ಬಾಟಲಿ ಮತ್ತು ಸ್ವಲ್ಪ ಆಮ್ಲ.

ಉಂಗುರಕ್ಕಾಗಿ, ನಂಬಿಕೆಗಾಗಿ ಕೊಳ್ಳುವವರ ಜೊತೆ ನಾನು ನಂಬಿಕೆಯ ಬಗ್ಗೆ ವಾದ ಮಾಡುವುದಿಲ್ಲ. ನಮ್ಮ ಮನೆಯಲ್ಲೂ ಹಾಕಿಕೊಳ್ಳುವವರಿದ್ದಾರೆ. ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಲ್ಲು ಹಾಕಿಕೊಳ್ಳಿ ಎಂದು ಹೇಳಿದವರೇ ಕಲ್ಲು ಮಾರಬಾರದು. ಅವರು ಕಳಿಸಿದ ಅಂಗಡಿಯಲ್ಲೂ ಕೊಳ್ಳಬೇಡಿ.

ಲ್ಯಾಬಿನ ವಿಷಯ. ಮುಂಬೈಯಲ್ಲಿ ಇರುವ ನಮಗೆ ಇದು ನಿಜವಾಗಿಯೂ ಅನುಕೂಲ. ಜಿಐಎ, ಐಜಿಐ, ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಎಲ್ಲವೂ ಈ ಊರಿನಲ್ಲೇ ಇವೆ. ಹೋಗುವ ಮೊದಲು ಫೋನ್ ಮಾಡಿ ಕತ್ತರಿಸದ ಕಲ್ಲು ತೆಗೆದುಕೊಳ್ಳುತ್ತೀರಾ, ಶುಲ್ಕ ಎಷ್ಟು, ಎಷ್ಟು ದಿನ ಎಂದು ಕೇಳಿ. ಮಾರುವವರು ಕೊಡುವ ಲ್ಯಾಮಿನೇಟ್ ಮಾಡಿದ ಕಾರ್ಡು ಬೇರೆ, ಲ್ಯಾಬಿನ ವರದಿ ಬೇರೆ. "ನೂರಕ್ಕೆ ನೂರು ಒರಿಜಿನಲ್" ಅಂತ ಯಾವ ಒಳ್ಳೆಯ ಲ್ಯಾಬೂ ಬರೆಯುವುದಿಲ್ಲ. ಖನಿಜದ ಹೆಸರು, ನೈಸರ್ಗಿಕವೋ ಬೆಳೆಸಿದ್ದೋ, ಕಾಯಿಸಿದ್ದಾರೋ, ಗಾಜು ತುಂಬಿದ್ದಾರೋ, ಇಷ್ಟು ಇರಬೇಕು. ಗಾಜು ತುಂಬುವುದು ಯಾಕೆ ಮುಖ್ಯ ಅಂದರೆ, 2004ರ ಸುಮಾರಿಗೆ ಶುರುವಾದ ಈ ಪದ್ಧತಿಯಲ್ಲಿ ಬಿರುಕು ಬಿಟ್ಟ ಕೆಳದರ್ಜೆಯ ಕುರುಂದಕ್ಕೆ ಸೀಸದ ಗಾಜು ಕರಗಿಸಿ ತುಂಬಿ ತಿಳಿಕೆಂಪು ಮಾಡುತ್ತಾರೆ. ನಿಂಬೆರಸ ತಾಗಿದರೂ ಆ ಗಾಜು ಸವೆಯುತ್ತದೆ. ಅಡುಗೆ ಮಾಡುವ ಕೈಗೆ ಹಾಕಿಕೊಂಡರೆ ಕಲ್ಲು ಹಾಳು.

ವರದಿಯ ಸಂಖ್ಯೆಯನ್ನು ಲ್ಯಾಬಿನ ವೆಬ್‌ಸೈಟಿಗೆ ನೀವೇ ಹೋಗಿ ಟೈಪ್ ಮಾಡಿ ನೋಡಿ. ಕಾರ್ಡಿನ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮಾರುವವರಿಗೆ ಬೇಕಾದ ಪುಟಕ್ಕೇ ಹೋಗುತ್ತೀರಿ. ವರದಿಯಲ್ಲಿನ ತೂಕ, ಅಳತೆ, ಫೋಟೋ ಕೈಯಲ್ಲಿರುವ ಕಲ್ಲಿಗೆ ಹೊಂದುತ್ತದೆಯೇ ನೋಡಿ. ಇನ್ನೊಂದು ತಪ್ಪು ತಿಳುವಳಿಕೆ: ಉಂಗುರದ ಮೇಲೆ ಹಾಲ್‌ಮಾರ್ಕ್ ಇದೆ, ಆದ್ದರಿಂದ ಕಲ್ಲೂ ಸರಿ ಅನ್ನುವುದು. ಹಾಲ್‌ಮಾರ್ಕ್ ಹೇಳುವುದು ಚಿನ್ನದ ಬಗ್ಗೆ ಮಾತ್ರ.

ಬಿಲ್ ಬಗ್ಗೆ ನನ್ನ ಕೆಲಸದಿಂದಲೇ ಗೊತ್ತಿರುವ ಮಾತು. "ಬಿಲ್ ಬೇಕಾದರೆ ಟ್ಯಾಕ್ಸ್ ಆಗುತ್ತೆ, ಸುಮ್ನೆ ಯಾಕೆ" ಎಂದು ಹೇಳಿ ಬಿಲ್ ತಪ್ಪಿಸುತ್ತಾರೆ. ಕೂರಿಸದ, ಕತ್ತರಿಸದ ಬಣ್ಣದ ಹರಳಿನ ಮೇಲೆ ಜಿಎಸ್‌ಟಿ ಎಷ್ಟು ಗೊತ್ತಾ? ನೂರಕ್ಕೆ 0.25. ಕಾಕಾನ 42,000ದ ಮೇಲೆ 105 ರೂಪಾಯಿ. 105 ರೂಪಾಯಿ ಉಳಿಸಿಕೊಡುತ್ತೇನೆ ಎಂದು ಹೇಳಿದವನು ಉಳಿಸಿದ್ದು ತನ್ನ ಹೆಸರು, ವಿಳಾಸ ಮತ್ತು ಸಹಿಯನ್ನು. ಬಿಲ್ಲಿನಲ್ಲಿ ಕಲ್ಲಿನ ಹೆಸರು, ನೈಸರ್ಗಿಕ ಎಂಬ ಪದ, ಗ್ರಾಂನಲ್ಲಿ ತೂಕ, ಲ್ಯಾಬ್ ಬೇರೆ ಹೇಳಿದರೆ ಇಷ್ಟು ದಿನದೊಳಗೆ ಹಣ ವಾಪಸ್ ಎಂಬ ಸಾಲು, ಇಷ್ಟನ್ನು ಬರೆಸಿ. ನಾನು ಕೊಳ್ಳುವಾಗ ಕಲ್ಲಿಗಿಂತ ಮೊದಲು ಆ ಕೊನೆಯ ಸಾಲನ್ನು ಕೇಳುತ್ತೇನೆ. ಬರೆದುಕೊಡುವವರು ಝವೇರಿ ಬಜಾರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬರೆಯುವುದಿಲ್ಲ ಎಂದರೆ ಮಾತೂ ಬೇಡ, ಎದ್ದು ಬನ್ನಿ.

ಮೋಸ ಆಗಿಹೋದರೆ? ಆನ್‌ಲೈನಲ್ಲಿ ಹಣ ಕಳಿಸಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮೊದಲ ಗಂಟೆಗಳಲ್ಲೇ ಹೇಳಿದರೆ ಹಣ ತಡೆಯುವ ಸಾಧ್ಯತೆ ಜಾಸ್ತಿ. ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವನು ಯಾವ ಊರಿನಲ್ಲಿದ್ದರೂ ಸರಿ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಗಡುವು 2 ವರ್ಷ. ಪಾರ್ಸೆಲ್ ಬಿಚ್ಚುವಾಗಲೇ ವಿಡಿಯೋ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ "ನಾನು ಕಳಿಸಿದ ಕಲ್ಲು ಇದಲ್ಲ" ಎನ್ನುತ್ತಾರೆ.

ಕಾಕಾನ ಹತ್ತಿರ ಬಿಲ್ ಇರಲಿಲ್ಲ, ವಿಡಿಯೋ ಇರಲಿಲ್ಲ, ಮೂರು ವಾರ ಕಳೆದಿತ್ತು. ಆ ನಂಬರು ಬಂದ್ ಆಗಿತ್ತು. ಯುಪಿಐ ರಸೀದಿ, ಚಾಟಿನ ಸ್ಕ್ರೀನ್‌ಶಾಟ್, ಲ್ಯಾಬ್ ವರದಿ ಮೂರನ್ನೂ ಜೋಡಿಸಿ ದೂರು ಹಾಕಿದ್ದೇವೆ. ಆದರೆ ಅವರು ಅದಕ್ಕಿಂತ ದೊಡ್ಡ ಕೆಲಸ ಒಂದು ಮಾಡಿದರು. ಲ್ಯಾಬ್ ವರದಿಯ ಫೋಟೋ ತೆಗೆದು, ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ತಮ್ಮ ಹೆಸರು ಹಾಕಿಯೇ "ನಾ ಮೋಸ ಹೋಗೇನಿ, ನೀವು ಹೋಗಬ್ಯಾಡ್ರಿ" ಎಂದು ಬರೆದರು. ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ರಾತ್ರಿಯೊಳಗೆ ಐದು ಜನ ಅವರಿಗೆ ಬೇರೆಯಾಗಿ ಮೆಸೇಜ್ ಮಾಡಿದ್ದರು. ಐವರ ಮನೆಯಲ್ಲೂ ಇಂಥದ್ದೇ ಒಂದೊಂದು ಡಬ್ಬಿ. ಇಷ್ಟು ದಿನ ಮನೆಯವರಿಗೂ ಹೇಳಿರಲಿಲ್ಲ.

ಹೋದ ಭಾನುವಾರ ಅವರಲ್ಲಿ ಇಬ್ಬರು ನಮ್ಮ ಅಡುಗೆಮನೆಗೆ ಬಂದರು. ಥಾಣೆ ಊರಿನಿಂದ ಬಂದ ಒಬ್ಬರು ಪುಷ್ಯರಾಗ ಎಂದು ತಂದದ್ದು 8.45 ಗ್ರಾಂ, ನೀರಿನಲ್ಲಿ 3.19. ಲೆಕ್ಕ ಮಾಡಿದರೆ 2.65, ಸ್ಫಟಿಕ. ಅವರು ಹೆಚ್ಚು ಮಾತಾಡದೆ ಕಲ್ಲನ್ನು ಪೊಟ್ಟಣಕ್ಕೆ ಹಾಕಿದರು. ಇನ್ನೊಬ್ಬರು ಮುಲುಂಡಿನ ಅಕ್ಕ, ಅವರದ್ದು ನೀಲಿ ಕಲ್ಲು. 6.30 ಗ್ರಾಂ, ನೀರಿನಲ್ಲಿ 1.58. ಭಾಗಿಸಿದರೆ 3.99. ಕಾಕಾ ತಕ್ಕಡಿಯ ಅಂಕಿ ಓದಿದವರೇ ನನ್ನ ಮುಖ ನೋಡಿದರು. ಅಕ್ಕನ ಕಣ್ಣಲ್ಲಿ ನೀರು ಬಂತು. ಕುರುಂದ ಇರಬಹುದು ಅಕ್ಕಾ, ಆದರೆ ಭೂಮಿಯದ್ದೋ ಕಾರ್ಖಾನೆಯದ್ದೋ ಈ ಲೋಟ ಹೇಳುವುದಿಲ್ಲ ಎಂದೆ. ಸೋಮವಾರ ಬೆಳಿಗ್ಗೆ ಕಾಕಾ ಮತ್ತು ಅಕ್ಕ ಇಬ್ಬರೂ ಲೋಕಲ್ ಹಿಡಿದು ಹೋಗಿ ಅದನ್ನು ಲ್ಯಾಬಿಗೆ ಕೊಟ್ಟು ಬಂದಿದ್ದಾರೆ. ವರದಿ ಇನ್ನೂ ಬಂದಿಲ್ಲ.